ಬಣ್ಣ ಹಚ್ಚಿದ ಮೇಲೆ ಬ್ರೇಕ್ ಹಿಡಿದುಕೊಂಡರೆ: ಹಳೇ ಕ್ಯಾಲಿಪರ್‌ನ ದೋಷ ಹುಡುಕುವ ಬಗೆ

ಮುಂದಿನ ಎಡಚಕ್ರದ ಕ್ಯಾಲಿಪರ್‌ಗೆ, ಅಂದರೆ ಬ್ರೇಕ್ ಹಾಕಿದಾಗ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಹಿಂಡುವ ಲೋಹದ ಹಿಡಿಗೆ, ನಾನು ಹಚ್ಚಿದ್ದು ಕೆಂಪು. ಬಲಗಡೆಯದಕ್ಕೂ ಅದೇ ಡಬ್ಬಿ, ಅದೇ ದಿನ, ಅಷ್ಟೇ ಕೋಟು. ಎರಡು ವಾರ ಓಡಿಸಿದ ಮೇಲೆ ಬಗ್ಗಿ ನೋಡಿದೆ. ಬಲಗಡೆಯದು ಹಚ್ಚಿದ ದಿನದ ಹಾಗೇ ಹೊಳೆಯುತ್ತಿದೆ. ಎಡಗಡೆಯದು ಪಿಸ್ಟನ್, ಅಂದರೆ ಆಯಿಲ್ ಒತ್ತಡಕ್ಕೆ ಮುಂದೆ ಸರಿಯುವ ಉರುಳೆ, ಇರುವ ಜಾಗದಲ್ಲಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಮೊದಲು ಬೈದದ್ದು ಬಣ್ಣದ ಡಬ್ಬಿಯನ್ನೇ. ಆಮೇಲೆ ತಲೆಗೆ ಹೊಳೆಯಿತು: ಒಂದೇ ಡಬ್ಬಿಯ ಬಣ್ಣ ಒಂದು ಕಡೆ ಮಾತ್ರ ಸುಡುವುದು ಹೇಗೆ? ಸುಡುತ್ತಿದ್ದದ್ದು ಬಣ್ಣ ಅಲ್ಲ, ಬ್ರೇಕು. ಪೆಡಲ್ ಬಿಟ್ಟ ಮೇಲೂ ಆ ಚಕ್ರ ಪೂರ್ತಿ ಬಿಡುತ್ತಿರಲಿಲ್ಲ.

ಹಳೇ ಸ್ಪೋರ್ಟ್ಸ್ ಕಾರಿನ ಕ್ಯಾಲಿಪರ್ ಬಿಚ್ಚಿ, ತೊಳೆದು, ಬಣ್ಣ ಹಚ್ಚಿ ಕೂರಿಸಿದ ಮೇಲೆ ಬರುವ ತೊಂದರೆಗಳು ಜಾಸ್ತಿ ಏನಿಲ್ಲ. ಚಕ್ರ ಬಿಸಿಯಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಬ್ರೇಕ್ ಆಯಿಲ್ ಜಿನುಗುತ್ತದೆ, ಇಲ್ಲವೇ ಬಣ್ಣ ಎದ್ದು ಬರುತ್ತದೆ. ಇವುಗಳಲ್ಲಿ ಕೆಲವು ಬಿಚ್ಚುವ ಮೊದಲೇ ಒಳಗೆ ಇದ್ದವು, ಹೊಸ ಬಣ್ಣ ಮುಚ್ಚಿಹಾಕಿತು ಅಷ್ಟೆ. ಇನ್ನು ಕೆಲವು ನಮ್ಮ ಕೈಯಿಂದಲೇ ಆದವು. ಯಾವುದು ಯಾವುದು ಅಂತ ಬೇರೆ ಮಾಡುವುದೇ ಇಲ್ಲಿನ ಕೆಲಸ.

ಚಕ್ರ ಬಿಸಿಯಾಗುತ್ತಿದ್ದರೆ

ಹತ್ತು ಹದಿನೈದು ನಿಮಿಷ, ಆದಷ್ಟು ಕಡಿಮೆ ಬ್ರೇಕ್ ಹಾಕಿ ಓಡಿಸಿ. ವೇಗ ತಾನಾಗಿಯೇ ಇಳಿಯಲು ಬಿಟ್ಟು ನಿಲ್ಲಿಸಿ. ಈಗ ಎಡ–ಬಲ ಎರಡರ ಬಿಸಿಯನ್ನೂ ನೋಡಿ. ಮುಂದಿನ ಚಕ್ರವನ್ನು ಮುಂದಿನದರ ಜೊತೆ, ಹಿಂದಿನದನ್ನು ಹಿಂದಿನದರ ಜೊತೆಗೇ ಹೋಲಿಸಬೇಕು. ಮುಂದಿನ ಬ್ರೇಕ್ ಹೇಗೂ ಜಾಸ್ತಿ ದುಡಿಯುತ್ತದೆ, ಹಿಂದಿನದಕ್ಕಿಂತ ಬಿಸಿ ಇದ್ದರೆ ಅದು ದೋಷವಲ್ಲ.

ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಆದರೆ ಅದನ್ನು ಡಿಸ್ಕ್‌ನ ಹೊಳೆಯುವ ಮುಖಕ್ಕೆ ಹಿಡಿಯಬೇಡಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಬಣ್ಣ ಹಚ್ಚಿದ ಕ್ಯಾಲಿಪರ್ ಮೈಗೆ ಹಿಡಿದರೆ ನಂಬುವಂಥ ಅಂಕಿ ಸಿಗುತ್ತದೆ. ಬಣ್ಣದಿಂದ ಆಗುವ ಉಪಕಾರಗಳಲ್ಲಿ ಇದೂ ಒಂದು. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ತನ್ನಿ, ಮುಟ್ಟಬೇಡಿ. ಹಿಡಿದುಕೊಂಡ ಬ್ರೇಕಿನ ಬಿಸಿ ದೂರದಿಂದಲೇ ಗೊತ್ತಾಗುತ್ತದೆ.

ಗಾಡಿ ಎಳೆಯುವ ದಿಕ್ಕೂ ಒಂದು ಸುಳಿವು. ಬ್ರೇಕ್ ಹಾಕದೆ ಸುಮ್ನೆ ಓಡುವಾಗ ಗಾಡಿ ಎಡಕ್ಕೆ ಎಳೆದರೆ ಎಡಗಡೆಯ ಬ್ರೇಕ್ ಹಿಡಿದುಕೊಂಡಿರಬಹುದು. ಬ್ರೇಕ್ ಹಾಕಿದಾಗ ಮಾತ್ರ ಎಡಕ್ಕೆ ಎಳೆದರೆ ಅನುಮಾನ ಬಲಗಡೆಯದರ ಮೇಲೆ, ಅದು ಕೆಲಸವನ್ನೇ ಮಾಡುತ್ತಿಲ್ಲ ಅಂತ. ಈ ಎರಡನ್ನು ಗೊಂದಲ ಮಾಡಿಕೊಂಡು ಸರಿಯಿರುವ ಕ್ಯಾಲಿಪರ್ ಬಿಚ್ಚಿದವರು ಕಡಿಮೆ ಇಲ್ಲ.

ಈಗ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಚಕ್ರ ತಿರುಗಿಸಿ ನೋಡಿ. ಸಣ್ಣಗೆ ಸರಸರ ಸದ್ದು ಬಂದರೆ ತೊಂದರೆಯಿಲ್ಲ, ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್, ಅಂದರೆ ಡಿಸ್ಕನ್ನು ಉಜ್ಜಿ ನಿಲ್ಲಿಸುವ ಪಟ್ಟಿ, ಡಿಸ್ಕ್‌ಗೆ ತಾಗಿದ ಹಾಗೇ ಇರುತ್ತದೆ. ಎರಡು ಕೈ ಹಾಕಿ ತಿರುಗಿಸಬೇಕಾದರೆ ಅದು ತೊಂದರೆ.

ಇಲ್ಲಿ ಬಹಳ ಜನ ತಕ್ಷಣ ಕ್ಯಾಲಿಪರ್ ಬಿಚ್ಚಲು ಹೊರಡುತ್ತಾರೆ. ಸ್ವಲ್ಪ ತಾಳಿ. ಇನ್ನೊಬ್ಬರಿಗೆ ಪೆಡಲ್ ಒತ್ತಿ ಬಿಡಲು ಹೇಳಿ. ಚಕ್ರ ಬಿಗಿಯಾಗಿಯೇ ಉಳಿದರೆ ಬ್ಲೀಡ್ ನಿಪ್ಪಲ್‌ಗೆ, ಅಂದರೆ ಕ್ಯಾಲಿಪರ್‌ನಿಂದ ಗಾಳಿ, ಆಯಿಲ್ ಹೊರಬಿಡುವ ಟೊಳ್ಳು ತಿರುಪಿಗೆ, ಸಣ್ಣ ಪೈಪ್ ಹಾಕಿ, ಅದರ ತುದಿಯನ್ನು ಬಾಟಲಿಯಲ್ಲಿಟ್ಟು, ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿ. ಆಯಿಲ್ ಪುಸಕ್ಕನೆ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತೇ? ಹಾಗಾದರೆ ಕ್ಯಾಲಿಪರ್ ನಿರಪರಾಧಿ. ಒತ್ತಡ ವಾಪಸ್ ಹೋಗದೆ ಮೇಲೆಲ್ಲೋ ಸಿಕ್ಕಿಕೊಂಡಿತ್ತು. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗಿದ್ದರೆ ಮಾತ್ರ ದೋಷ ಕ್ಯಾಲಿಪರ್‌ನಲ್ಲಿ. ಈ ಒಂದು ಅರ್ಧ ಸುತ್ತು ಇಡೀ ದಿನದ ಕೆಲಸ ಉಳಿಸುತ್ತದೆ.

ಒತ್ತಡ ಸಿಕ್ಕಿಕೊಳ್ಳುವುದಕ್ಕೆ ಸಾಮಾನ್ಯ ಕಾರಣ ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುತ್ತದೆ, ಒಳಪದರ ಉಬ್ಬಿ ಅಥವಾ ಹರಿದು ಬಾಗಿಲಿನ ಹಾಗೆ ಆಗಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ವಾಪಸ್ ಬರುವಾಗ ತಳ್ಳುವ ಬಲ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಖಾತ್ರಿ ಮಾಡಿಕೊಳ್ಳಲು ಇನ್ನೊಮ್ಮೆ ಪೆಡಲ್ ಒತ್ತಿ ಬಿಡಿ. ಈ ಸಲ ನಿಪ್ಪಲ್ ಮುಟ್ಟದೆ, ಹೋಸ್ ಸ್ಟೀಲ್ ಪೈಪಿಗೆ ಸೇರುವ ಜಾಗದಲ್ಲಿ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತಡೆ ಇನ್ನೂ ಮೇಲೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ. ಬಿಡದಿದ್ದರೆ ಹೋಸೇ ಕಳ್ಳ. ಒಂದೇ ಚಕ್ರ ಹಿಡಿದಿದ್ದರೆ ಹೋಸ್ ಮೇಲೆ, ಎರಡು ಮೂರು ಚಕ್ರ ಒಟ್ಟಿಗೆ ಹಿಡಿದಿದ್ದರೆ ಮಾಸ್ಟರ್ ಮೇಲೆ ಮೊದಲ ಅನುಮಾನ ಇರಲಿ.

ಒಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ: ಬಣ್ಣ ಹಚ್ಚುವಾಗ ಕ್ಯಾಲಿಪರನ್ನು ಹೋಸ್‌ನಲ್ಲೇ ನೇತುಹಾಕಿದ್ದಿರಾ? ಎರಕದ ಕಬ್ಬಿಣದ ಆ ಭಾರ ಎಲ್ಲಾ ಹಳೇ ರಬ್ಬರ್ ಮೇಲೆ ಬಿದ್ದಿರುತ್ತದೆ. ತಂತಿಯ ಕೊಕ್ಕೆ ಮಾಡಿ ಸಸ್ಪೆನ್ಶನ್‌ಗೆ ಸಿಕ್ಕಿಸಿದ್ದರೆ ಈ ಗೋಳು ಇರುತ್ತಿರಲಿಲ್ಲ.

ಕ್ಯಾಲಿಪರ್ರೇ ತಪ್ಪಿತಸ್ಥ ಅಂತ ಗೊತ್ತಾದರೆ

ಮೊದಲು ಪ್ಯಾಡ್ ತೆಗೆದು ಸವೆತ ನೋಡಿ. ಪಿನ್‌ಗಳ ಮೇಲೆ ಜಾರುವ ಕ್ಯಾಲಿಪರ್ ಆದರೆ, ಒಳಗಿನ ಪ್ಯಾಡ್ ಸವೆದು ಹೊರಗಿನದು ದಪ್ಪ ಉಳಿದಿದ್ದರೆ ಪಿನ್ ಜಾಮ್ ಆಗಿದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪ ಇದ್ದರೆ ಎರಡರಲ್ಲಿ ಒಂದು ಪಿನ್ ಹೋಗಿದೆ. ಎರಡೂ ಕಡೆ ಪಿಸ್ಟನ್ ಇರುವ, ಅಲುಗಾಡದ ಕ್ಯಾಲಿಪರ್‌ನಲ್ಲಿ ಒಂದು ಮೂಲೆ ಮಾತ್ರ ಸವೆಯದೆ ಉಳಿದಿದ್ದರೆ ಆ ಮೂಲೆಯ ಪಿಸ್ಟನ್ ಹೊರಗೆ ಬರುತ್ತಿಲ್ಲ.

ಪ್ಯಾಡ್ ಕೈಗೆ ಹೇಗೆ ಬಂತು ಅನ್ನುವುದನ್ನೂ ಗಮನಿಸಿ. ಪ್ಯಾಡ್ ತನ್ನ ತೋಡಿನಲ್ಲಿ ಬೆರಳಿನಿಂದ ತಳ್ಳಿದರೆ ಜಾರಬೇಕು. ಸುತ್ತಿಗೆ ಬೇಕಾಯಿತು ಅಂದರೆ ಅಲ್ಲೇ ಉತ್ತರ ಸಿಕ್ಕಿತು. ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಕೂರುವ ಜಾಗಕ್ಕೆ ಬಣ್ಣ ಹತ್ತಿದ್ದರೆ, ಕೂದಲೆಳೆಯಷ್ಟು ಇದ್ದರೂ, ಪ್ಯಾಡ್ ಹಿಂದೆ ಸರಿಯುವುದಿಲ್ಲ. ತಣ್ಣಗಿದ್ದಾಗ ಜಾರಿದ್ದು ಬಿಸಿಯಾದಾಗ ಮೆತ್ತಗಾದ ಬಣ್ಣಕ್ಕೆ ಅಂಟಿಕೊಳ್ಳಲೂಬಹುದು. ಬಣ್ಣ ಕೆರೆದು, ಲೋಹ ಕಾಣುವಷ್ಟು ಚೊಕ್ಕ ಮಾಡಿ.

ಅಲ್ಯೂಮಿನಿಯಂ ಕ್ಯಾಲಿಪರ್‌ನಲ್ಲಿ ಇನ್ನೊಂದು ಕಾಟ. ಪ್ಯಾಡ್ ಕೂರುವ ಜಾಗದಲ್ಲಿ ತೆಳ್ಳಗಿನ ಸ್ಟೀಲ್ ತಗಡು ಇರುತ್ತದೆ, ಸಣ್ಣ ತಿರುಪಿನಿಂದ ಬಿಗಿದಿರುತ್ತದೆ. ಉಪ್ಪು, ನೀರು ಒಳಸೇರಿದರೆ ಸ್ಟೀಲಿನ ಪಕ್ಕದ ಅಲ್ಯೂಮಿನಿಯಂ ತಿಂದು ಹೋಗಿ ಬಿಳಿ ಪುಡಿ ಬೆಳೆಯುತ್ತದೆ. ಆ ಪುಡಿ ತಗಡನ್ನು ಮೇಲಕ್ಕೆ ಎಬ್ಬಿ ಪ್ಯಾಡನ್ನು ಎರಡೂ ಕಡೆಯಿಂದ ಹಿಂಡುತ್ತದೆ. ಪಿಸ್ಟನ್ ಎಷ್ಟು ಚೆನ್ನಾಗಿದ್ದರೂ ಬ್ರೇಕ್ ಹಿಡಿದುಕೊಂಡೇ ಇರುತ್ತದೆ. ಪ್ಯಾಡಿನ ಕಿವಿಯನ್ನೇ ಉಜ್ಜಿ ಚಿಕ್ಕದು ಮಾಡುವವರಿದ್ದಾರೆ; ಅದು ಹೊಸ ಪ್ಯಾಡ್ ಹಾಕುವ ತನಕದ ಮಾತು. ತಗಡು ತೆಗೆದು ಅಡಿಯ ಪುಡಿ ಕೆರೆಯಲೇಬೇಕು. ತಿರುಪುಗಳು ಮುರಿಯುವುದಕ್ಕೇ ಕಾದು ಕೂತಿರುತ್ತವೆ, ಹಾಗಾಗಿ ಮೊದಲು ಬಿಸಿ ತೋರಿಸಿ, ಆಮೇಲೆ ಬಿಚ್ಚಿ. ಇದನ್ನು ಬಣ್ಣಕ್ಕೆ ಮೊದಲು ಮಾಡದಿದ್ದರೆ ಬಣ್ಣ ಮತ್ತೆ ಹಚ್ಚಬೇಕಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗಕ್ಕೆ ಬೆಂಕಿ ತೋರಿಸಬೇಡಿ. ಅದರಿಂದ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಹಳೇ ಗಾಡಿಯ ಪ್ಯಾಡಿನ ಧೂಳನ್ನೂ ಗಾಳಿ ಹೊಡೆದು ಹಾರಿಸಬೇಡಿ, ಅದರಲ್ಲಿ ಕಲ್ನಾರು ಇರಬಹುದು. ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಪಿಸ್ಟನ್, ಸೀಲ್ ಮತ್ತು ನನ್ನ ಕೆಂಪು ಕ್ಯಾಲಿಪರ್

ನಿಪ್ಪಲ್ ಬಿಚ್ಚಿದರೂ ನನ್ನ ಎಡಚಕ್ರ ಬಿಟ್ಟಿರಲಿಲ್ಲ. ಪ್ಯಾಡ್ ಸಲೀಸಾಗಿ ಜಾರುತ್ತಿತ್ತು. ಉಳಿದದ್ದು ಪಿಸ್ಟನ್. ಆದರೆ ಪಿಸ್ಟನ್ ಹೊಸದು, ಸೀಲ್ ಹೊಸದು! ಅದೇ ನನ್ನನ್ನು ದಾರಿ ತಪ್ಪಿಸಿತು. ಹೊಸದು ಹಾಕಿದ ಜಾಗದಲ್ಲಿ ದೋಷ ಇರಲಾರದು ಅಂದುಕೊಂಡು ಒಂದು ಭಾನುವಾರ ಪೂರ್ತಿ ಬೇರೆ ಕಡೆ ಹುಡುಕಿದೆ.

ಕ್ಯಾಲಿಪರ್ ಒಳಗೆ ಪಿಸ್ಟನ್ ವಾಪಸ್ ಎಳೆಯಲು ಸ್ಪ್ರಿಂಗ್ ಏನೂ ಇಲ್ಲ, ಗೊತ್ತಲ್ವಾ? ಆ ಕೆಲಸ ಮಾಡುವುದು ರಬ್ಬರ್ ಸೀಲ್. ಅದು ದುಂಡು ದಾರದಂಥ ರಿಂಗ್ ಅಲ್ಲ. ಕತ್ತರಿಸಿ ನೋಡಿದರೆ ಚೌಕಾಕಾರ. ಪಿಸ್ಟನ್ ಮುಂದೆ ಹೋದಾಗ ಅದನ್ನು ಅಪ್ಪಿಕೊಂಡ ಸೀಲ್ ಜೊತೆಗೇ ಸ್ವಲ್ಪ ತಿರುಚಿಕೊಳ್ಳುತ್ತದೆ. ಕಾಲು ತೆಗೆದಾಗ ನೆಟ್ಟಗಾಗಲು ಹೋಗಿ ಪಿಸ್ಟನ್ನನ್ನು ಕೂದಲಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬ್ರೇಕ್ ಬಿಡುವುದು ಅಷ್ಟರಿಂದಲೇ.

ಹಾಗಾಗಬೇಕಾದರೆ ಸೀಲ್ ಕೂರುವ ತೋಡಿನಲ್ಲಿ ಅದಕ್ಕೆ ತಿರುಚಿಕೊಳ್ಳಲು ಜಾಗ ಬೇಕು. ನಾನು ಆ ತೋಡನ್ನು ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದೆ. ಕಣ್ಣಿಗೆ ಚೊಕ್ಕವಾಗಿಯೇ ಕಂಡಿತ್ತು. ಎರಡನೇ ಸಲ ಬಿಚ್ಚಿದಾಗ ಟಾರ್ಚ್ ಹಾಕಿ, ತುದಿ ಬಾಗಿದ ಸೂಜಿಯಿಂದ ತೋಡಿನ ಹಿಂಬದಿಯ ಮೂಲೆ ಗೀರಿದೆ. ಕರಕರ ಅಂತ ಕಂದು ಹಕ್ಕಳೆ ಎದ್ದು ಬಂತು. ಉಗುರಿನಷ್ಟು ತೆಳ್ಳಗೆ, ಆದರೆ ಗಾಜಿನಷ್ಟು ಗಟ್ಟಿ. ವರ್ಷಗಟ್ಟಲೆ ಕೂತ ತುಕ್ಕು. ಅದು ಹೊಸ ಸೀಲನ್ನು ಹಿಂದಿನಿಂದ ತಳ್ಳಿ ಪಿಸ್ಟನ್ ಮೇಲೆ ಬಿಗಿಯುತ್ತಿತ್ತು. ಸೀಲ್ ಎಳೆದುಕೊಳ್ಳುವ ಬದಲು ಹಿಡಿದುಕೊಳ್ಳುತ್ತಿತ್ತು. ಕೆರೆದದ್ದು ಕಾಲು ಗಂಟೆ, ಸಿಕ್ಕ ಪುಡಿ ಅರ್ಧ ಚಮಚವೂ ಇಲ್ಲ. ಕಬ್ಬಿಣದ ಮೈಗೆ ಸೂಜಿ ನಡೆಯುತ್ತದೆ, ಅದೂ ಹಗುರ ಕೈಯಲ್ಲಿ. ಅಲ್ಯೂಮಿನಿಯಂ ಆದರೆ ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ ತುದಿ ಬಳಸಿ, ಗೀರು ಬಿದ್ದರೆ ಆಯಿಲ್ ಸೋರುತ್ತದೆ.

ಪಿಸ್ಟನ್ ಹಳೆಯದೇ ಇದ್ದರೆ ಅದರ ಮೈಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ ಆ ಪಿಸ್ಟನ್ ಬೇಡ. ಕ್ರೋಮ್ ಎದ್ದ ಪಿಸ್ಟನ್ನನ್ನು ಎಮರಿ ಪೇಪರಿನಲ್ಲಿ ಉಜ್ಜಿ ಹಾಕಿದರೆ ಅಂಚಿನ ಕ್ರೋಮ್ ಇನ್ನಷ್ಟು ಸುಲಿದು ಹೊಸ ಸೀಲನ್ನು ಕೊಯ್ಯುತ್ತದೆ. ಸಿಲಿಂಡರಿನ ಗೋಡೆಯಲ್ಲಿ ಸಣ್ಣ ಕಲೆ ಇದ್ದರೆ ಅಷ್ಟು ಹೆದರಬೇಡಿ. ಇಲ್ಲಿ ಸೀಲ್ ತೋಡಿನಲ್ಲೇ ಕೂತಿರುತ್ತದೆ, ಜಾರುವುದು ಪಿಸ್ಟನ್. ಮಾಸ್ಟರ್ ಸಿಲಿಂಡರಿನಲ್ಲಿ ಇದು ಉಲ್ಟಾ. ಅಲ್ಲಿ ಸೀಲ್ ಗೋಡೆಯ ಮೇಲೇ ಓಡುತ್ತದೆ, ಕಲೆ ಇದ್ದರೆ ಮುಗಿಯಿತು.

ಜಾಮ್ ಆದ ಪಿಸ್ಟನ್ ತೆಗೆಯಲು ಗಾಡಿಯ ಬ್ರೇಕ್ ಪೆಡಲ್‌ಗಿಂತ ಒಳ್ಳೆಯ ಸಾಧನ ಇಲ್ಲ. ಹೋಸ್ ಬಿಚ್ಚುವ ಮೊದಲೇ ಪ್ಯಾಡ್ ತೆಗೆದು, ಮೆಲ್ಲಗೆ ಪೆಡಲ್ ಒತ್ತಿ ಪಿಸ್ಟನ್‌ಗಳನ್ನು ಬಾಯಿಯ ತನಕ ತನ್ನಿ. ನಾಲ್ಕು ಪಿಸ್ಟನ್ ಇದ್ದರೆ ಸಲೀಸಾಗಿರುವುದು ಮೊದಲು ಓಡಿ ಬರುತ್ತದೆ, ಅದು ಹೊರಬಿದ್ದರೆ ಒತ್ತಡವೆಲ್ಲ ಅಲ್ಲೇ ಸೋರಿಹೋಗುತ್ತದೆ. ಮರದ ತುಂಡು ಅಡ್ಡ ಕೊಟ್ಟು ಅದನ್ನು ತಡೆದು, ಹಟಮಾರಿಯನ್ನು ಮೊದಲು ಹೊರಡಿಸಬೇಕು. ಗಾಳಿ ಹೊಡೆದು ತೆಗೆಯುವುದಾದರೆ ಬೆರಳು ಎಂದಿಗೂ ಮುಂದೆ ಬೇಡ. ಪಿಸ್ಟನ್ ಗುಂಡಿನ ಹಾಗೆ ಬರುತ್ತದೆ.

ಕೂರಿಸುವಾಗ ಸೀಲ್‌ಗೆ ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕ್ ರಬ್ಬರಿಗೆಂದೇ ಇರುವ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್, ಇಂಜಿನ್ ಆಯಿಲ್, ಪೆಟ್ರೋಲ್ ತಾಗಿದರೆ ಈ ರಬ್ಬರ್ ಊದಿಕೊಳ್ಳುತ್ತದೆ. ಕೂರಿಸಿದ ದಿನ ಚೆನ್ನಾಗಿದ್ದು ಆಮೇಲೆ ಬ್ರೇಕ್ ನಿಧಾನಕ್ಕೆ ಹಿಡಿಯತೊಡಗಿದರೆ, ಪಿನ್‌ಗೆ, ಸೀಲ್‌ಗೆ ಯಾವ ಗ್ರೀಸ್ ಹಾಕಿದ್ದೆ ಅಂತ ನೆನಪು ಮಾಡಿಕೊಳ್ಳಿ.

ಇನ್ನು ಹಿಂದಿನ ಕ್ಯಾಲಿಪರ್‌ನಲ್ಲಿ ಹ್ಯಾಂಡ್ ಬ್ರೇಕ್ ಸೇರಿಕೊಂಡಿದ್ದರೆ ಪಿಸ್ಟನ್ನನ್ನು ಒತ್ತಿ ಒಳಗೆ ಹಾಕಬೇಡಿ. ಬಹಳ ಗಾಡಿಗಳಲ್ಲಿ ಅದನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು. ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ.

ಪೆಡಲ್ ಮೆತ್ತಗಿದ್ದರೆ

ಮೂರು ಬಗೆಯ ಮೆತ್ತಗೆ ಇದೆ, ಬೇರೆ ಬೇರೆ ಕಾರಣದ್ದು. ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದು ಗಟ್ಟಿಯಾಗಿ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಪಂಜಿನಂತಾದರೆ ಒಳಗೆ ಗಾಳಿ ಇದೆ. ಕಾಲು ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ಓಡಿಸಿದ ಮೇಲೆ ಮೊದಲ ಒತ್ತು ಮಾತ್ರ ಆಳಕ್ಕೆ ಹೋಗಿ ಎರಡನೇದು ಸರಿ ಇದ್ದರೆ ಡಿಸ್ಕ್ ಓಲಾಡಿ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಈ ಕೊನೆಯದಕ್ಕೆ ಚಕ್ರದ ಬೇರಿಂಗ್ ಕಾರಣ ಇರಬಹುದು. ಆದರೆ ಹಬ್‌ಗೂ ಬಣ್ಣ ಹಚ್ಚಿದ್ದರೆ ಮೊದಲು ಅದನ್ನು ನೋಡಿ. ಡಿಸ್ಕ್ ಕೂರುವ ಮುಖದ ಮೇಲೆ ಒಂದು ಹನಿ ಬಣ್ಣ ಗಟ್ಟಿಯಾಗಿದ್ದರೂ ಡಿಸ್ಕ್ ಓರೆಯಾಗುತ್ತದೆ. ಬಹಳ ಗಾಡಿಗಳಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಓರೆಯಾದರೂ ಜಾಸ್ತಿಯಾಯಿತು.

ಗಾಳಿಯ ವಿಷಯಕ್ಕೆ ಬಂದರೆ ನನ್ನ ಇನ್ನೊಂದು ಪೆದ್ದುತನ ಹೇಳಬೇಕು. ಮೊದಲ ಸಲ ಬಣ್ಣ ಹಚ್ಚಿದಾಗ ಹಿಂದಿನ ಎರಡು ಕ್ಯಾಲಿಪರ್‌ಗಳನ್ನು ಒಂದೇ ತಂತಿಗೆ ಒಣಗಲು ಹಾಕಿದ್ದೆ. ತೆಗೆದು ಕೂರಿಸುವಾಗ ಎಡದ್ದು ಬಲಕ್ಕೆ ಹೋಯಿತು. ಬೋಲ್ಟ್ ಎಲ್ಲಾ ಸರಿಯಾಗಿ ಕೂತವು, ಹೋಸೂ ಕೂತಿತು. ಎರಡು ಸಂಜೆ, ಎರಡು ಬಾಟಲಿ ಆಯಿಲ್ ಖರ್ಚಾದರೂ ಪೆಡಲ್ ಗಟ್ಟಿಯಾಗಲಿಲ್ಲ. ನಿಪ್ಪಲ್‌ನಿಂದ ಬರುವ ಆಯಿಲ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ! ಕೊನೆಗೆ ನೆಲದ ಮೇಲೆ ಮಲಗಿ ನೋಡಿದರೆ ನಿಪ್ಪಲ್ ಕ್ಯಾಲಿಪರಿನ ತಳದಲ್ಲಿದೆ. ಗಾಳಿ ಮೇಲೆ ಕೂತು ನಗುತ್ತಿತ್ತು. ನಿಪ್ಪಲ್ ಯಾವಾಗಲೂ ಸಿಲಿಂಡರಿನ ನೆತ್ತಿಯಲ್ಲಿರಬೇಕು. ಬಿಚ್ಚುವಾಗಲೇ ಬಣ್ಣ ಬೀಳದ ಜಾಗದಲ್ಲಿ ಎ, ಬ ಅಂತ ಗೀಚಿಕೊಳ್ಳಿ.

ಗಾಳಿ ತೆಗೆಯುವಾಗ ಹಳೇ ಮಾಸ್ಟರ್ ಸಿಲಿಂಡರಿನ ಪೆಡಲನ್ನು ನೆಲ ಮುಟ್ಟುವ ತನಕ ಒತ್ತಬೇಡಿ. ದಿನಾ ಸೀಲ್ ಓಡದ ಆ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಅದರ ಮೇಲೆ ಓಡಿದರೆ ಸೀಲ್ ಹರಿಯುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟರಾಯಿತು.

ಆಯಿಲ್ ಜಿನುಗಿದರೆ, ಬಣ್ಣ ಎದ್ದರೆ

ಇವೆರಡನ್ನು ಒಟ್ಟಿಗೆ ಹೇಳಲು ಕಾರಣ ಇದೆ. ಸಾಮಾನ್ಯ ಗ್ಲೈಕಾಲ್ ಬ್ರೇಕ್ ಆಯಿಲ್, ಅಂದರೆ ಡಾಟ್ 3, ಡಾಟ್ 4, ಡಾಟ್ 5.1, ಬಣ್ಣ ತಿನ್ನುತ್ತದೆ. ಹಾಗಾಗಿ ಬಣ್ಣ ಎಲ್ಲಿ ಎದ್ದಿದೆ ಅನ್ನುವುದೇ ಸೋರಿಕೆಯ ನಕ್ಷೆ. ನಿಪ್ಪಲ್ ಸುತ್ತ ಉಂಗುರದ ಹಾಗೆ ಸುಕ್ಕು ಬಂದಿದ್ದರೆ ನಿಪ್ಪಲ್ ಜಿನುಗುತ್ತಿದೆ, ಅಥವಾ ಗಾಳಿ ತೆಗೆದ ಮೇಲೆ ನೀವು ತೊಳೆದಿಲ್ಲ. ಈ ಆಯಿಲ್ ನೀರಿನಲ್ಲಿ ಕರಗುತ್ತದೆ, ಕೆಲಸ ಮುಗಿದ ತಕ್ಷಣ ಧಾರಾಳ ನೀರು ಹಾಕಿ ತೊಳೆದರೆ ಬಣ್ಣ ಉಳಿಯುತ್ತದೆ. ಹೋಸ್ ಕೂಡುವ ಬೋಲ್ಟಿನ ಸುತ್ತ ಬಣ್ಣ ಎದ್ದಿದ್ದರೆ ತಾಮ್ರದ ವಾಷರ್ ಬಣ್ಣದ ಮೇಲೆ ಕೂತಿದೆ ಅಂತ ಅರ್ಥ. ಆಯಿಲ್ ತಾಗಿ ಬಣ್ಣ ಮೆತ್ತಗಾಗುತ್ತದೆ, ಬೋಲ್ಟಿನ ಬಿಗಿ ಹೋಗುತ್ತದೆ. ಆ ಮುಖ ಬರಿ ಲೋಹ ಆಗಬೇಕು, ವಾಷರ್ ಹೊಸದಾಗಬೇಕು. ನಿಪ್ಪಲ್ ಜಿನುಗಿದರೆ ಜಾಸ್ತಿ ಬಿಗಿಯಬೇಡಿ, ಅದು ಟೊಳ್ಳು, ಮುರಿಯುತ್ತದೆ. ತಡೆಯುವುದು ಅದರ ಮೊನೆಯ ಕೋನ. ಎಳೆಗೆ ಟೇಪ್ ಸುತ್ತಿದರೆ ಪ್ರಯೋಜನ ಇಲ್ಲ.

ಕ್ಯಾಲಿಪರಿನ ಎರಡು ಹೋಳು ಸೇರುವ ಗೆರೆಯಲ್ಲಿ ಬಣ್ಣ ಸುಕ್ಕಾಗಿದ್ದರೆ, ಬಣ್ಣಕ್ಕಾಗಿ ಹೋಳು ಬೇರ್ಪಡಿಸಿದ್ದಿರಾ? ಆ ಗೆರೆಯಲ್ಲಿ ಆಯಿಲ್ ದಾಟುವ ತೂತಿಗೆ ಸಣ್ಣ ರಬ್ಬರ್ ರಿಂಗ್ ಇರುತ್ತದೆ. ಅದು ಸಿಗದಿದ್ದರೆ, ಬೋಲ್ಟಿನ ಬಿಗಿ ಗೊತ್ತಿಲ್ಲದಿದ್ದರೆ ಹೋಳು ಬಿಚ್ಚುವ ಆಸೆ ಬಿಡಿ.

ಆಯಿಲ್ ಇಲ್ಲದ ಜಾಗದಲ್ಲೂ ಬಣ್ಣ ಹಾಳೆಯಾಗಿ ಸುಲಿದರೆ ಅಡಿಯಲ್ಲಿ ಜಿಡ್ಡು ಇತ್ತು. ಗುಳ್ಳೆಯೊಳಗೆ ಕಂದು ಪುಡಿ ಇದ್ದರೆ ತುಕ್ಕು ಉಳಿದಿತ್ತು. ಮೇಲ್ಮೈ ಬಾಡಿದ ಎಲೆಯಂತೆ ಸುಕ್ಕಾದರೆ ಕೋಟಿನ ಮೇಲೆ ಕೋಟು ತಪ್ಪು ಹೊತ್ತಿನಲ್ಲಿ ಬಿತ್ತು, ಡಬ್ಬಿಯ ಮೇಲೆ ಎಷ್ಟು ಹೊತ್ತಿಗೆ ಅಂತ ಬರೆದಿರುತ್ತದೆ. ಬರಿ ಅಲ್ಯೂಮಿನಿಯಂ ಮೇಲೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕೊಂಚ ಕೊರೆದು ಹಿಡಿಯುವ ಅಡಿಬಣ್ಣ, ಇಲ್ಲದೆ ಬಣ್ಣ ಹಿಡಿಯುವುದು ಕಷ್ಟ. ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಕರಗಿಸುವುದು) ಮಾಡಿಸುವುದಾದರೆ ಒಲೆಯ ಬಿಸಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಒಳಗೆ ಒಂದೂ ರಬ್ಬರ್ ಇರಬಾರದು. ಮರಳು ಹೊಡೆಸಿದ್ದರೆ ಆಯಿಲ್ ದಾರಿಗಳಲ್ಲಿ ಕಣ ಉಳಿಯದ ಹಾಗೆ ತೊಳೆಯಿರಿ. ಅಂದ ಹಾಗೆ, ಹಳೇ ಕಬ್ಬಿಣದ ಕ್ಯಾಲಿಪರ್‌ಗಳಲ್ಲಿ ಎಷ್ಟೋ ಕಾರ್ಖಾನೆಯಿಂದ ಬಂದಾಗ ಬಣ್ಣವೇ ಇರಲಿಲ್ಲ, ಸತುವಿನ ಹೊಂಬಣ್ಣದ ಲೇಪ ಇತ್ತು. ಗಾಡಿ ಮೂಲದಂತೆಯೇ ಇರಬೇಕು ಅನ್ನುವವರು ಕೆಂಪು ಡಬ್ಬಿ ತರುವ ಮೊದಲು ಸ್ವಲ್ಪ ಯೋಚಿಸಿ.

ಕೂರಿಸಿ, ಕಂಪನಿ ಕೊಟ್ಟ ಬಿಗಿಗೆ ಬೋಲ್ಟ್ ಬಿಗಿದ ಮೇಲೆ, ಗಾಡಿ ಅಲುಗಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಪ್ಯಾಡ್ ಡಿಸ್ಕ್ ಹತ್ತಿರ ಬಂದಿಲ್ಲದಿದ್ದರೆ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ. ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಬಿಳಿ ಕಾಗದ ಹಿಡಿದು ಎಲ್ಲಾ ಕೀಲುಗಳನ್ನು ಒರೆಸಿ ನೋಡಿ. ಕಾಗದ ಒಣಗಿಯೇ ಇರಬೇಕು. ಸ್ವಲ್ಪ ದಿನ ಓಡಿಸಿದ ಮೇಲೆ ಬೋಲ್ಟ್‌ಗಳ ಬಿಗಿ ಮತ್ತೊಮ್ಮೆ ನೋಡಿ. ಬೋಲ್ಟ್ ಕೂರುವ ಮುಖದಲ್ಲಿ ಬಣ್ಣ ಉಳಿದಿದ್ದರೆ ಅದು ಹಿಚುಕಿಹೋಗಿ ಸಡಿಲವಾಗಿರುತ್ತದೆ.

ಸೀಲಿನ ತೋಡಿನ ಮೂಲೆ ಕೆರೆದು ಕೂರಿಸಿದ ಮೇಲೆ ನಾನು ಅದೇ ದಾರಿಯಲ್ಲಿ, ಅಷ್ಟೇ ಹೊತ್ತು ಓಡಿಸಿ ಥರ್ಮಾಮೀಟರ್ ಹಿಡಿದೆ. ಎಡ 61, ಬಲ 58. ಕಂದಿದ ಜಾಗಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ. ಒಂದು ತಿಂಗಳು ಓಡಲಿ, ಪಕ್ಕದ ಕೆಂಪು ಹಾಗೇ ಉಳಿದರೆ ಆಗ ಡಬ್ಬಿ ತೆಗೆಯುತ್ತೇನೆ.